ರೂಸಿಯೋಂನ ಕೆಮ್ಮಣ್ಣು, ನನ್ನ ಕ್ಯಾಮೆರಾದ ಹಠ

ದಕ್ಷಿಣ ಫ್ರಾನ್ಸಿನ ರೂಸಿಯೋಂ ಹಳ್ಳಿಯ ಕೆಮ್ಮಣ್ಣಿನ ಕಡಿದಾದ ಧರೆಗಳ ಮುಂದೆ ನಾನು ತೆಗೆದ ಮೊದಲ ಫೋಟೊ ಪೂರ್ತಿ ಸಪ್ಪೆ. ಕಣ್ಣಿಗೆ ಕೆಂಡದಂತಿದ್ದದ್ದು ಪರದೆಯಲ್ಲಿ ಮೆತ್ತಗಾದ ಬಿಸ್ಕೆಟ್ಟಿನ ಬಣ್ಣ. ಬೆಳಕಿನ ಬಣ್ಣವನ್ನು ತಾನೇ ಸರಿದೂಗಿಸುವ ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್‌ಗೆ ಮಣ್ಣು ಕೆಂಪೋ, ಬೆಳಕು ಕೆಂಪೋ ತಿಳಿಯುವುದಿಲ್ಲ. ಎಲ್ಲೆಲ್ಲೂ ಕೆಂಪೇ ಕಂಡರೆ ಸುಮ್ನೆ ನೀಲಿ ಬೆರೆಸಿಬಿಡುತ್ತದೆ. ಅದನ್ನು ಬಿಟ್ಟು ಹಗಲು ಬೆಳಕಿನ 'ಡೇಲೈಟ್' ಸೆಟ್ಟಿಂಗ್‌ಗೆ ತಿರುಗಿಸಿದೆ, ಬಣ್ಣ ವಾಪಸ್ ಬಂತು.

ಊರಿನ ದಂತಕಥೆಯೇ ಬೇರೆ. ಸೆರ್ಮೊಂಡ್ ಎಂಬ ಒಡತಿಗೆ ಗಂಡ ಅವಳ ಪ್ರಿಯಕರನ ಹೃದಯವನ್ನೇ ಬೇಯಿಸಿ ಬಡಿಸಿದನಂತೆ. ಅವಳು ಧರೆಯ ಮೇಲಿಂದ ಹಾರಿದಳು, ನೆತ್ತರಿಗೆ ಮಣ್ಣು ಕೆಂಪಾಯಿತು. ರಕ್ತ ಒಣಗಿದರೆ ಕಂದಾಗುತ್ತದೆ, ಅಲ್ವಾ? ಮತ್ತೆ ಧರೆಯಲ್ಲಿರುವ ಹಳದಿ ಪಟ್ಟೆಗಳಿಗೆ ಯಾರ ರಕ್ತ?

ಅಸಲಿಗೆ ಇದು 10 ಕೋಟಿ ವರ್ಷಕ್ಕೂ ಹಿಂದಿನ ಸಮುದ್ರದ ಮರಳು. ಅದರಲ್ಲಿ ಕಬ್ಬಿಣವಿದ್ದ ಹಸಿರು ಖನಿಜವಿತ್ತು. ಮುಂದೆ ಸೆಕೆ, ಮಳೆಯ ಕಾಲದಲ್ಲಿ ಅದು ಶಿಥಿಲವಾಗಿ ಕಬ್ಬಿಣ ತುಕ್ಕಾಗಿ ಉಳಿಯಿತು. ಮಂತ್ರಾಕ್ಷತೆ ನೆನಪಿಸಿಕೊಳ್ಳಿ: ಅಕ್ಕಿ ಬಿಳಿಯದೇ, ಬಣ್ಣ ಮೇಲೆ ಮೆತ್ತಿದ್ದು. ಇಲ್ಲಿ ಮೆತ್ತಿದ್ದು ಗೋಥೈಟ್ ಎಂಬ ತುಕ್ಕಾದರೆ ಹಳದಿ, ಹೆಮಟೈಟ್ ಎಂಬ ತುಕ್ಕಾದರೆ ಕೆಂಪು. ಗೋಥೈಟ್ ಕಾಯಿಸಿದರೆ ಅದರೊಳಗಿನ ನೀರು ಹೋಗಿ ಹೆಮಟೈಟ್ ಆಗುತ್ತದೆ. ಗೂಡಿಗೆ ಹೋದ ಹಳದಿ ಇಟ್ಟಿಗೆ ಕೆಂಪಾಗಿ ಬರುವುದೂ ಹೀಗೇ. 18ನೇ ಶತಮಾನದ ಕೊನೆಗೆ ಇದೇ ಊರಿನ ಝಾನ್-ಎತಿಯೆನ್ ಆಸ್ತಿಯೆ ಮರಳನ್ನು ತೊಳೆದು ಬಣ್ಣ ಬೇರ್ಪಡಿಸಲು ಶುರುಮಾಡಿದ. ಕಾರ್ಖಾನೆಗಳು ಹಳದಿಯನ್ನು ಹುರಿದು ಕೆಂಪು ಮಾಡಿ ಮಾರಿದವು.

ನನಗೆ ಜಾಸ್ತಿ ಇಷ್ಟವಾಗಿದ್ದು ಮಳೆ ನಿಂತ ಮೇಲಿನ ಅರ್ಧ ಗಂಟೆ. ಕೆಮ್ಮಣ್ಣು ಸಾರಿಸಿದ ಹೊಸ್ತಿಲು ಹಸಿಯಿದ್ದಾಗ ಗಾಢವಾಗಿದ್ದು, ಒಣಗುತ್ತಲೇ ಪೇಲವವಾಗುತ್ತದಲ್ಲ, ಹಾಗೆ. ಒಣ ಮರಳಿನ ಕಣಗಳ ನಡುವೆ ಗಾಳಿ. ಗಾಳಿಯಿಂದ ಕಣಕ್ಕೆ ಹೋಗುವಾಗ ಬೆಳಕು ಜೋರಾಗಿ ಬಾಗುತ್ತದೆ, ಬಹಳಷ್ಟು ಹೊಸ್ತಿಲಿನಿಂದಲೇ ವಾಪಸ್ಸಾಗುವ ನೆಂಟನಂತೆ ಹೊರಗೇ ಹಾರುತ್ತದೆ. ನಡುವೆ ನೀರು ತುಂಬಿದರೆ ಬಾಗುವುದು ಕಡಿಮೆ. ಬೆಳಕು ಆಳಕ್ಕೆ ಇಳಿದು, ಸಂತೆಯ ಅಂಗಡಿಯಂಗಡಿಗೂ ನುಗ್ಗಿದವನಂತೆ, ಕಣಕಣದ ತುಕ್ಕಿಗೂ ತನ್ನ ನೀಲಿಯನ್ನು ಕೊಡುತ್ತಾ ಹೋಗುತ್ತದೆ. ಹೊರಬರುವಾಗ ಕೈಯಲ್ಲಿ ಉಳಿದಿದ್ದು ಕೆಂಪು ಮಾತ್ರ.

ಆ ಅರ್ಧ ಗಂಟೆಯಲ್ಲಿ ಕೆಂಪು ಎಷ್ಟು ಜಾಸ್ತಿಯೆಂದರೆ ಎಕ್ಸ್‌ಪೋಶರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಇಳಿಸದೆ ಗತಿಯಿಲ್ಲ, ಇಲ್ಲದಿದ್ದರೆ ಮಣ್ಣಿನ ಗೆರೆಗಳೆಲ್ಲ ಮಾಯ. ಕಾಲಲ್ಲಿದ್ದ ಬಿಳಿ ಶೂ ಅಂದು ಕೇಸರಿಯಾದದ್ದು ಇನ್ನೂ ಹಾಗೇ ಇದೆ.