ಟಾಲರೆನ್ಸ್ ಸ್ಟ್ಯಾಕ್‌ಅಪ್: ಬಿಡಿಯಾಗಿ ಸರಿ, ಸೇರಿಸಿದರೆ ಬಿಗಿ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿಯ ಶೆಡ್ಡುಗಳಲ್ಲಿ ಕೆಲಸ ಮಾಡುವವರಿಗೆ ‘ಒಂದೊಂದು ಪೀಸೂ ಓಕೆ ಸಾರ್, ಸೇರಿಸಿದ್ರೆ ಟೈಟು’ ಎಂಬ ಮಾತು ಹೊಸದಲ್ಲ. ಹೀಗಾಗಬಹುದೇ ಎಂದು ಡ್ರಾಯಿಂಗ್ ಹಂತದಲ್ಲೇ ಲೆಕ್ಕ ಹಾಕುವುದಕ್ಕೆ ಟಾಲರೆನ್ಸ್ ಸ್ಟ್ಯಾಕ್‌ಅಪ್ ಎನ್ನುತ್ತಾರೆ.

20 ಮಿ.ಮೀ. ಎಂದರೆ ಯಾವ ಲೇತೂ ಕರಾರುವಾಕ್ಕಾಗಿ 20 ಕೊಡದು. ಅದಕ್ಕೇ 20 ± 0.1 ಎಂದು ಬರೆದು, 19.9ರಿಂದ 20.1ರವರೆಗೆ ಒಪ್ಪಿಕೊಳ್ಳುತ್ತಾರೆ; ಈ ± 0.1 ಎಂಬುದೇ ಟಾಲರೆನ್ಸ್. ಇಂಥ ನಾಲ್ಕು ಸ್ಪೇಸರ್‌ಗಳು (ಅಂತರ ಕಾಯುವ ತುಂಡುಗಳು) 80.5 ± 0.1 ಮಿ.ಮೀ. ಉದ್ದದ ಹೌಸಿಂಗ್‌ನೊಳಗೆ (ಹೊರಕವಚದೊಳಗೆ) ಸಾಲಾಗಿ ಕೂರಬೇಕು ಎನ್ನಿ. ಹೌಸಿಂಗ್‌ನ ಉದ್ದದಲ್ಲಿ ನಾಲ್ಕೂ ಸ್ಪೇಸರ್ ಕಳೆದರೆ ಉಳಿಯುವ ಸಂದು 0.5. ಗಣಿತದ ಮಾದರಿ ಇಷ್ಟು ಸರಳವಾಗಿ ಶುರುವಾಗುತ್ತದೆ.

ಐದೂ ಅಳತೆ ಒಟ್ಟಿಗೇ ಕೈಕೊಟ್ಟರೆ? ಟಾಲರೆನ್ಸ್‌ಗಳನ್ನು ನೇರವಾಗಿ ಕೂಡಿ, ± 0.5. ಸಂದು ಸೊನ್ನೆಯೂ ಆಗಬಹುದು, 1 ಮಿ.ಮೀ. ಕೂಡ ಆಗಬಹುದು. ಇದು ವರ್ಸ್ಟ್ ಕೇಸ್ ಲೆಕ್ಕ. ಜೀವಕ್ಕೆ ಸಂಬಂಧಿಸಿದ ಭಾಗಗಳಲ್ಲಿ ಖರ್ಚಾದರೂ ಇದನ್ನೇ ಹಿಡಿಯಬೇಕು.

ಐದೂ ಒಂದೇ ಸಲ ತುದಿ ಮುಟ್ಟುವುದು ಅಪರೂಪ. ಆದ್ದರಿಂದ ಟಾಲರೆನ್ಸ್‌ಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯುವ ಇನ್ನೊಂದು ದಾರಿಯಿದೆ. ಉತ್ತರ ಸುಮಾರು ± 0.22, ಸಂದು 0.28ರಿಂದ 0.72. ಪ್ರತಿ ಟಾಲರೆನ್ಸೂ ಮೂರು ಸಿಗ್ಮಾ (ಸಿಗ್ಮಾ ಎಂದರೆ ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಮಾಪನ) ಎಂದಿಟ್ಟುಕೊಂಡರೆ ಶೇ. 99.73ರಷ್ಟು ಜೋಡಣೆಗಳು ಇದರೊಳಗೇ ಬರುತ್ತವೆ.

ಪುಸ್ತಕ ಓದಿದವರು ಎಡವುವುದು ಇಲ್ಲೇ. ಅಳತೆಗಳು ಒಂದಕ್ಕೊಂದು ಸಂಬಂಧವಿಲ್ಲದೆ, 20ರ ಆಚೀಚೆ ಸಮನಾಗಿ ಹರಡಿದ್ದರೆ ಮಾತ್ರ ಆ ಸೂತ್ರ ನಿಲ್ಲುತ್ತದೆ. ಇನ್ಸರ್ಟ್ (ಲೇತಿನ ಕತ್ತರಿಸುವ ತುದಿ) ಸವೆದಂತೆಲ್ಲ ಫೇಸಿಂಗ್‌ನಲ್ಲಿ, ಅಂದರೆ ಪೀಸಿನ ತುದಿಯ ಮುಖ ಹೆರೆಯುವಾಗ, ಲೋಹ ಕಡಿಮೆ ಹೋಗಿ, ಸ್ಪೇಸರ್ ಉದ್ದವಾಗುತ್ತಾ ಬರುತ್ತದೆ. ಒಂದೇ ಟ್ರೇಯಿಂದ ಎತ್ತಿಕೊಂಡ ನಾಲ್ಕೂ 20.05ರ ಹತ್ತಿರವಿದ್ದರೆ ಎಲ್ಲವೂ ಪಾಸು, ಆದರೆ ಸಂದು ಆಗಲೇ 0.3ಕ್ಕೆ ಇಳಿದಿದೆ. ಒಂದೇ ಕಡೆಗೆ ಜರುಗಿದ್ದು ನೇರವಾಗಿ ಕೂಡಿಕೊಳ್ಳುತ್ತದೆ, ವರ್ಗಮೂಲ ಅದನ್ನು ತಗ್ಗಿಸುವುದಿಲ್ಲ. ಗೋ-ನೋಗೋ ಗೇಜ್ ಕೂಡ ಪೀಸು ಪಾಸೋ ಫೇಲೋ ಎಂದಷ್ಟೇ ಹೇಳುತ್ತದೆ, ಬ್ಯಾಚು ಎತ್ತ ವಾಲುತ್ತಿದೆ ಎಂದಲ್ಲ. ಮೈಕ್ರೋಮೀಟರ್ ಹಿಡಿದು ಅಳತೆ ಬರೆದಿಡುವ ಆಪರೇಟರ್‌ನ ನೋಟ್‌ಬುಕ್ಕಿಗೆ ಡಿಸೈನ್ ಕೋಣೆಯಲ್ಲಿ ಸಿಗಬೇಕಾದಷ್ಟು ಬೆಲೆ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಓರೆ ಮೇಲ್ಮೈಗಳಿದ್ದರೆ ಪ್ರತಿ ಅಳತೆಯ ಪ್ರಭಾವವನ್ನು ಕೋನಕ್ಕೆ ತಕ್ಕ ಗುಣಾಂಕದಿಂದ ಗುಣಿಸಬೇಕು. ಜೋಡಣೆ ಇನ್ನೂ ಜಟಿಲವಾದರೆ ಮಾಂಟೆ ಕಾರ್ಲೊ ವಿಧಾನವಿದೆ: ಕಂಪ್ಯೂಟರ್ ಸಾವಿರಾರು ಸಲ ಯಾದೃಚ್ಛಿಕ ಅಳತೆಗಳನ್ನು ಆರಿಸಿ ಜೋಡಿಸಿ ನೋಡುತ್ತದೆ. ಅದಕ್ಕೂ ಮೊದಲು ಕೊಡಬೇಕಾದ್ದು ಆ ನೋಟ್‌ಬುಕ್ಕಿನ ಅಂಕಿಗಳನ್ನೇ.