ರಿಪೋರ್ಟಿನ ಕೊನೆಗಿರುವ ‘ಓಮಾ’

ಹುಬ್ಬಳ್ಳಿಯ ಪ್ರಯೋಗಾಲಯವೊಂದರಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟುಗಳ ಚೂರುಗಳನ್ನು ಪರೀಕ್ಷಿಸಿ, ಅವುಗಳ ಹೆಸರನ್ನು ಬರೆದುಕೊಡುವುದು ನನ್ನ ಕೆಲಸ. ಆ ಹೆಸರನ್ನು ಮೊದಲು ಓದಬೇಕಾದವರು ಆಪರೇಶನ್ ಮಾಡಿದ ವೈದ್ಯರು. ಈಗ ಮೊದಲು ಓದುವವರು ರೋಗಿಯ ಮಗನೋ ಅಳಿಯನೋ, ಅದೂ ಲಕೋಟೆ ಕೈಗೆ ಸಿಕ್ಕ ಕೂಡಲೇ ಮೆಟ್ಟಿಲ ಮೇಲೆಯೇ ನಿಂತು, ಮೊಬೈಲಿನ ನೆರವಿನಿಂದ. ಓದುವುದಕ್ಕೆ ನನ್ನ ತಕರಾರಿಲ್ಲ. ಪದದ ಕೊನೆಗಿರುವ ‘ಓಮಾ’ ಎಂಬ ಬಾಲವನ್ನಷ್ಟೇ ಹಿಡಿದುಕೊಂಡು ಅಲ್ಲಿಯೇ ತೀರ್ಪನ್ನೂ ಕೊಟ್ಟುಕೊಳ್ಳುತ್ತಾರಲ್ಲ, ತಕರಾರಿರುವುದು ಅದಕ್ಕೆ.

ಕುಂದಗೋಳದ ಕಡೆಯ ರೈತರೊಬ್ಬರು ಮಗನ ರಿಪೋರ್ಟು ಹಿಡಿದುಕೊಂಡು ನನ್ನ ಕೋಣೆಗೆ ಬಂದವರು ಕುಳಿತುಕೊಳ್ಳಲೂ ಒಪ್ಪಲಿಲ್ಲ. “ಸಾಹೇಬ್ರ, ಓಮಾ ಅಂತ ಬರದೀರಿ. ಖರೇ ಹೇಳಿಬಿಡ್ರಿ, ಹೊಲ ಲಾವಣಿಗೆ ಹಾಕಬೇಕೇನ್ರಿ?” ಎಂದು ಕೇಳಿದರು. ಹುಡುಗನ ಬೆನ್ನಿನಿಂದ ತೆಗೆದಿದ್ದ ಗಂಟಿಗೆ ನಾನು ಬರೆದಿದ್ದ ಹೆಸರು ಲೈಪೋಮಾ. ‘ಲಿಪೋಸ್’ ಎಂದರೆ ಗ್ರೀಕಿನಲ್ಲಿ ಕೊಬ್ಬು. ಲೈಪೋಮಾ ಎಂದರೆ ಕೊಬ್ಬಿನ ಗಂಟು, ಅಷ್ಟೇ. ತೆಗೆಸದೆ ಬಿಟ್ಟಿದ್ದರೂ ಆ ಹುಡುಗನಿಗೆ ಬಹುಶಃ ಏನೂ ಆಗುತ್ತಿರಲಿಲ್ಲ. ಹೀಗೆ ‘ಓಮಾ’ ಎಂದರೆ ಕ್ಯಾನ್ಸರ್ ಎಂದುಕೊಂಡು ಅನಗತ್ಯವಾಗಿ ನಿದ್ದೆಗೆಟ್ಟವರು ನನ್ನ ಬಳಿಗೆ ಬರುತ್ತಲೇ ಇರುತ್ತಾರೆ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವವರು ಹೆದರಲೇಬೇಕಾದ ರಿಪೋರ್ಟನ್ನು ಓದಿ ನಿಶ್ಚಿಂತರಾದವರು. ಬಾಯಿಯೊಳಗಿನ ಹುಣ್ಣಿನ ಚೂರಿಗೆ ‘ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ’ ಎಂದು ಸ್ಪಷ್ಟವಾಗಿ ಬರೆದಿದ್ದ ಕಾಗದವನ್ನು, ಗದಗ ಜಿಲ್ಲೆಯ ಗುಟ್ಕಾ ಪ್ರಿಯರೊಬ್ಬರು, ಅದರಲ್ಲಿ ‘ಕ್ಯಾನ್ಸರ್’ ಎಂಬ ಶಬ್ದವೇ ಇಲ್ಲವೆಂಬ ಸಮಾಧಾನದಿಂದ ಟ್ರಂಕಿನಲ್ಲಿ ಇಟ್ಟುಬಿಟ್ಟಿದ್ದರು. ನವನಗರದ ಕ್ಯಾನ್ಸರ್ ಆಸ್ಪತ್ರೆಯ ಬಾಗಿಲನ್ನು ಅವರು ತಟ್ಟುವ ಹೊತ್ತಿಗೆ ಹುಣ್ಣು ಕುತ್ತಿಗೆಯ ಗ್ರಂಥಿಗಳಿಗೆ ಇಳಿದಿತ್ತು.

ಆದ್ದರಿಂದ ಈ ಬಾಲದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಗ್ರೀಕ್ ಭಾಷೆಯಲ್ಲಿ ಕ್ರಿಯಾಪದಕ್ಕೆ ‘ಮಾ’ ಎಂಬ ಪ್ರತ್ಯಯ ಹತ್ತಿದರೆ ಆ ಕ್ರಿಯೆಯಿಂದ ಆದದ್ದು ಎಂಬ ಅರ್ಥ ಬರುತ್ತದೆ. ‘ಸಾರ್ಕ್ಸ್’ ಎಂದರೆ ಮಾಂಸ, ‘ಸಾರ್ಕೊಓ’ ಎಂದರೆ ಮಾಂಸವಾಗಿಸು, ಹಾಗೆ ಮಾಂಸವಾಗಿ ಬೆಳೆದು ನಿಂತದ್ದು ‘ಸಾರ್ಕೋಮಾ’. ಅದೇ ಭಾಷೆಯಲ್ಲಿ ‘ಡಿಪ್ಲೊಓ’ ಎಂದರೆ ಎರಡಾಗಿ ಮಡಚು, ಮಡಚಿದ ಪತ್ರ ‘ಡಿಪ್ಲೊಮಾ’. ನಮ್ಮ ಪಾಲಿಟೆಕ್ನಿಕ್ ಹುಡುಗರು ಗೋಡೆಗೆ ತೂಗುಹಾಕುವ ಡಿಪ್ಲೊಮಾಕ್ಕೂ ಸಾರ್ಕೋಮಾಕ್ಕೂ ಬಾಲ ಒಂದೇ ಎಂದರೆ, ಆ ಬಾಲದಲ್ಲಿ ಸ್ವತಃ ವಿಷವೇನೂ ಇಲ್ಲವೆಂದು ಒಪ್ಪಬೇಕಲ್ಲವೇ? ಸಾರ್ಕೋಮಾ, ಕಾರ್ಸಿನೋಮಾಗಳಂತಹ ಹಳೆಯ ಪದಗಳ ಮಾದರಿಯಲ್ಲಿ ವೈದ್ಯರು ಹೊಸ ಹೆಸರುಗಳನ್ನು ಕಟ್ಟುತ್ತ ಹೋದಂತೆ, ‘ಓಮಾ’ ಎಂದರೆ ಗಂಟು ಅಥವಾ ಗಡ್ಡೆ ಎಂಬ ಅರ್ಥ ನೆಲೆಯಾಯಿತು. ರೋಗದ ನೆಲೆ ಜೀವಕೋಶದಲ್ಲಿದೆ ಎಂದು ಜರ್ಮನಿಯ ರುಡಾಲ್ಫ್ ವಿರ್ಖೋ 1858ರಲ್ಲಿ ಪ್ರತಿಪಾದಿಸಿದ ಮೇಲಂತೂ, ಗಂಟು ಯಾವ ಅಂಗಾಂಶದ್ದು ಎಂಬುದು ಹೆಸರಿನ ಮುಖ್ಯ ಭಾಗವಾಯಿತು. ಭೈರಿದೇವರಕೊಪ್ಪದ ಹೆಸರಿನ ಕೊನೆಗಿರುವ ‘ಕೊಪ್ಪ’ದಿಂದ ಅದೊಂದು ಊರೆಂದು ತಿಳಿಯುತ್ತದೆಯೇ ಹೊರತು ಅಲ್ಲಿ ಬಾವಿಯ ನೀರು ಸಿಹಿಯೋ ಸವುಳೋ ಎಂಬುದು ತಿಳಿಯುವುದಿಲ್ಲ, ‘ಓಮಾ’ ಹೇಳುವುದೂ ಅಷ್ಟನ್ನೇ.

ಹಾಗಾಗಿ ಓದಬೇಕಾದದ್ದು ಪದದ ಮುಂಭಾಗವನ್ನು. ‘ಅಡೀನ್’ ಎಂದರೆ ಗ್ರಂಥಿ. ಅಡಿನೋಮಾ ಗ್ರಂಥಿಯ ಅಂಗಾಂಶದ ಗಂಟು, ಸಾಮಾನ್ಯವಾಗಿ ಸೌಮ್ಯವಾದುದು, ಅಂದರೆ ಕ್ಯಾನ್ಸರ್ ಅಲ್ಲದ್ದು. ಹರೆಯದ ಹೆಣ್ಣುಮಕ್ಕಳ ಸ್ತನದಲ್ಲಿ ಕಾಣಿಸಿಕೊಳ್ಳುವ ಫೈಬ್ರೋಅಡಿನೋಮಾ ಅದೇ ಬಳಗದ್ದು. ಗರ್ಭಕೋಶದ ಗಡ್ಡೆಯ ರಿಪೋರ್ಟಿನಲ್ಲಿ ಬರುವ ‘ಲಿಯೋಮಯೋಮಾ’ ನೋಡುವುದಕ್ಕೆ ಭಯಂಕರ, ಬಿಡಿಸಿದರೆ ಸಾಧು: ‘ಲಿಯೋಸ್’ ಎಂದರೆ ನುಣುಪು, ‘ಮೂಸ್’ ಎಂದರೆ ಸ್ನಾಯು, ಅಂದರೆ ನುಣುಪು ಸ್ನಾಯುವಿನ ಗಂಟು. ಗ್ರೀಕಿನ ಈ ‘ಮೂಸ್’ಗೆ ಇಲಿ ಎಂಬ ಅರ್ಥವೂ ಇದೆ, ಚರ್ಮದಡಿ ಸ್ನಾಯು ಓಡಾಡುವುದು ಇಲಿಯಂತೆ ಕಂಡಿರಬೇಕು, ಗಣಪತಿಯ ವಾಹನವಾದ ನಮ್ಮ ಮೂಷಿಕವೂ ಅದೇ ಮೂಲದ ಪದ. ಈ ಸಂಬಂಧವನ್ನು ವಿವರಿಸಿದಾಗ, ಅಳುತ್ತ ಬಂದಿದ್ದ ಹಾವೇರಿಯ ತಾಯಿಯೊಬ್ಬರು “ಅಯ್ಯ, ಇಲಿ ಏನ್ರಿ ಇದು!” ಎಂದು ನಕ್ಕುಬಿಟ್ಟರು.

ಇನ್ನು ಕೆಲವು ‘ಓಮಾ’ಗಳು ಆಧುನಿಕ ಅರ್ಥದ ಗಡ್ಡೆಗಳೇ ಅಲ್ಲ. ಪೆಟ್ಟು ಬಿದ್ದ ಕಡೆ ರಕ್ತ ಸೇರಿ ಊದಿಕೊಂಡರೆ ಹೆಮಟೋಮಾ. ‘ಹೈಮಾ’ ಎಂದರೆ ರಕ್ತ. ಗ್ಲಾಕೋಮಾ ಕಣ್ಣಿನ ನರವನ್ನು ಹಾಳುಮಾಡುವ ಕಾಯಿಲೆ, ಹೆಚ್ಚಾಗಿ ಕಣ್ಣಿನೊಳಗಿನ ಒತ್ತಡ ಏರುವುದರಿಂದ ಬರುವಂಥದ್ದು. ನೀಲಿ ಮಿಶ್ರಿತ ಬೂದು ಬಣ್ಣಕ್ಕಿರುವ ‘ಗ್ಲೌಕೋಸ್’ ಎಂಬ ಪದದಿಂದ ಆ ಹೆಸರು ಬಂದಿದೆ, ಅಲ್ಲಿ ಗಂಟಿನ ಸುಳಿವೇ ಇಲ್ಲ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿಕೊಂಡದ್ದು ಅಥೆರೋಮಾ. ಒಳಗಿನ ಮೆತ್ತನೆಯ ಪದಾರ್ಥವನ್ನು ಕಂಡವರು ಗಂಜಿಗೆ ಗ್ರೀಕರು ಹೇಳುತ್ತಿದ್ದ ‘ಅಥೇರೆ’ ಎಂಬ ಹೆಸರನ್ನೇ ಅದಕ್ಕೆ ಕೊಟ್ಟರು. ಕ್ಷಯರೋಗದಿಂದ ಮಿದುಳಿನಲ್ಲಿ ಗಂಟಾದರೆ ಟ್ಯುಬರ್ಕ್ಯುಲೋಮಾ, ಲ್ಯಾಟಿನ್ ತಲೆಗೆ ಗ್ರೀಕ್ ಬಾಲ. ಅದು ಅಪಾಯಕಾರಿ, ಆದರೆ ಕ್ಯಾನ್ಸರ್ ಅಲ್ಲ. ಮುಖ್ಯ ಚಿಕಿತ್ಸೆ ಕ್ಷಯದ ಗುಳಿಗೆಗಳದ್ದು.

ಮಾರಕವಾದವುಗಳಲ್ಲಿ ಎರಡು ಹೆಸರುಗಳನ್ನು ಮರೆಯಬಾರದು. ಪ್ರಾಚೀನ ಗ್ರೀಕ್ ವೈದ್ಯ ಹಿಪೊಕ್ರಟೀಸನ ಹೆಸರಿನಲ್ಲಿ ಉಳಿದಿರುವ ಗ್ರಂಥಗಳಲ್ಲಿಯೇ ಏಡಿ ಎಂಬರ್ಥದ ‘ಕಾರ್ಕಿನೋಸ್’ ಮತ್ತು ಅದರಿಂದಾದ ‘ಕಾರ್ಕಿನೋಮಾ’ ಎಂಬ ಪದಗಳು ರೋಗದ ಹೆಸರಾಗಿ ಬರುತ್ತವೆ. ಗಡ್ಡೆಯ ಸುತ್ತ ಉಬ್ಬಿದ ರಕ್ತನಾಳಗಳು ಏಡಿಯ ಕಾಲುಗಳಂತೆ ಕಾಣುತ್ತವೆ ಎಂದು ಮುಂದೆ ಗ್ಯಾಲೆನ್ ಎಂಬ ಇನ್ನೊಬ್ಬ ಗ್ರೀಕ್ ವೈದ್ಯ ವಿವರಿಸಿದ. ಲ್ಯಾಟಿನ್ನಿನಲ್ಲಿ ಏಡಿಗೆ ‘ಕ್ಯಾನ್ಸರ್’ ಎನ್ನುತ್ತಾರೆ. ನಮ್ಮ ಪಂಚಾಂಗದ ಕರ್ಕ ರಾಶಿಯೂ ಏಡಿಯೇ. ಹೀಗಾಗಿ ಕಾರ್ಸಿನೋಮಾ ಎಂದು ಬರೆದ ಮೇಲೆ ಕ್ಯಾನ್ಸರ್ ಎಂದು ಬೇರೆ ಬರೆಯುವ ಅಗತ್ಯ ನಮಗೆ ಕಾಣುವುದಿಲ್ಲ. ಚರ್ಮ, ಬಾಯಿ, ಕರುಳುಗಳ ಒಳಹೊರ ಪದರಗಳಿಂದ ಹುಟ್ಟಿದ ಕ್ಯಾನ್ಸರಿಗೆ ಕಾರ್ಸಿನೋಮಾ ಎಂದೂ, ಎಲುಬು, ಸ್ನಾಯು, ಕೊಬ್ಬುಗಳಿಂದ ಹುಟ್ಟಿದ್ದಕ್ಕೆ ಸಾರ್ಕೋಮಾ ಎಂದೂ ಹೆಸರು. ಗಂಟಿನ ಹೆಸರಿನಲ್ಲಿ ಈ ಎರಡರಲ್ಲೊಂದು ಸೇರಿಕೊಂಡಿದ್ದರೆ, ಉದಾಹರಣೆಗೆ ಅಡಿನೋಕಾರ್ಸಿನೋಮಾ ಅಥವಾ ಲೈಪೋಸಾರ್ಕೋಮಾ ಎಂದಿದ್ದರೆ, ಆ ಕಾಗದ ಟ್ರಂಕು ಸೇರುವಂತಿಲ್ಲ.

ನಿಯಮ ಇಷ್ಟೇ ಆಗಿದ್ದರೆ ಚೆನ್ನಾಗಿತ್ತು, ಆದರೆ ನಮ್ಮವರೇ ಅದನ್ನು ಕೆಡಿಸಿದ್ದಾರೆ. ಲಿಂಫೋಮಾ, ಮೆಲನೋಮಾ, ಮಯಲೋಮಾ ಎಂಬ ಹೆಸರುಗಳಲ್ಲಿ ಕಾರ್ಸಿನೋಮಾವೂ ಇಲ್ಲ, ಸಾರ್ಕೋಮಾವೂ ಇಲ್ಲ, ಕೇಳಿದರೆ ಲೈಪೋಮಾದ ಅಣ್ಣತಮ್ಮಂದಿರು ಅನ್ನಿಸುತ್ತವೆ, ಮೂರೂ ಕ್ಯಾನ್ಸರುಗಳೇ. ‘ಮೇಲಾಸ್’ ಎಂದರೆ ಕಪ್ಪು, ‘ಮುಯೆಲೋಸ್’ ಎಂದರೆ ಮಜ್ಜೆ ಎಂದು ಮೂಲ ಗೊತ್ತಿದ್ದವರಿಗೂ ಇದು ಹೊಳೆಯುವುದಿಲ್ಲ, ಏಕೆಂದರೆ ಇಲ್ಲಿ ನಡೆಯುವುದು ವ್ಯಾಕರಣವಲ್ಲ, ವೈದ್ಯರ ರೂಢಿ. ಪದಮೂಲ ತಿಳಿದ ಮಾತ್ರಕ್ಕೆ ರೋಗ ತಿಳಿಯಿತೆಂದು ಭಾವಿಸುವವರು, ಅದರಲ್ಲಿಯೂ ಧಾರವಾಡದ ನಿವೃತ್ತ ಮೇಷ್ಟ್ರುಗಳು (ಅವರ ಮೇಲೆ ನನಗೆ ಬಹಳ ಪ್ರೀತಿ), ಈ ಮೂರನ್ನು ದಯವಿಟ್ಟು ಬಾಯಿಪಾಠ ಮಾಡಬೇಕು.

ಸೌಮ್ಯ ಎಂದು ಬರೆದದ್ದಕ್ಕೂ ಒಂದು ಎಚ್ಚರಿಕೆ ಇದೆ. ದೊಡ್ಡ ಕರುಳಿನ ಅಡಿನೋಮಾಗಳಲ್ಲಿ ಕೆಲವು ವರ್ಷಗಳು ಕಳೆದಂತೆ ಕ್ಯಾನ್ಸರ್ ಆಗಬಲ್ಲವು. ಲೈಪೋಮಾ ಎಂದು ಕೈಮುಟ್ಟಿ ಹೇಳಿದ ಗಂಟು ಬೇಗ ಬೇಗ ಬೆಳೆಯತೊಡಗಿದರೆ ಮತ್ತೆ ತೋರಿಸಲೇಬೇಕು. ಅದೇ ರೀತಿ ಕಾರ್ಸಿನೋಮಾ ಎಂಬ ಹೆಸರೊಂದರಿಂದಲೇ ಆಯುಷ್ಯದ ಲೆಕ್ಕ ಹಾಕಲಾಗದು. ಅದು ಎಷ್ಟು ಆಳಕ್ಕೆ ಇಳಿದಿದೆ, ಕತ್ತರಿಸಿದ ಅಂಚಿನಲ್ಲಿ ಉಳಿದಿದೆಯೇ, ಗ್ರಂಥಿಗಳಿಗೆ ಹರಡಿದೆಯೇ ಎಂಬುದನ್ನು ಹೆಸರಿನ ಕೆಳಗಿನ ಸಾಲುಗಳಲ್ಲಿ ಬರೆದಿರುತ್ತೇವೆ, ಚಿಕಿತ್ಸೆ ನಿರ್ಧಾರವಾಗುವುದು ಆ ಸಾಲುಗಳನ್ನು ಸ್ಕ್ಯಾನಿಂಗ್ ಮತ್ತಿತರ ಪರೀಕ್ಷೆಗಳೊಂದಿಗೆ ಸೇರಿಸಿ ಓದಿದ ಮೇಲೆ. ಸಂಶಯ ಉಳಿದರೆ ಇನ್ನೊಬ್ಬ ಪೆಥಾಲಜಿಸ್ಟರ ಅಭಿಪ್ರಾಯ ಕೇಳುವುದಕ್ಕೆ ಸಂಕೋಚ ಬೇಡ. ತೆಗೆದ ಚೂರನ್ನು ಮೇಣದ ಬ್ಲಾಕಿನಲ್ಲಿ ಹುದುಗಿಸಿ ಕಾಪಾಡಿರುತ್ತಾರೆ. ಆ ಬ್ಲಾಕನ್ನೂ ಗಾಜಿನ ಸ್ಲೈಡುಗಳನ್ನೂ ಪ್ರಯೋಗಾಲಯದಿಂದ ಕೇಳಿ ಪಡೆದು ಒಯ್ದರೆ, ಬಹುತೇಕ ಸಂದರ್ಭಗಳಲ್ಲಿ ಮತ್ತೊಮ್ಮೆ ಕತ್ತರಿಸುವ ಪ್ರಸಂಗ ಬರುವುದಿಲ್ಲ.