ಶಿರಸಿಯಲ್ಲಿ ಆಲಿಕಲ್ಲು ಬೀಳುತ್ತದೆ, ಹಿಮವೇಕಿಲ್ಲ?

ಪ್ರಶ್ನೆ: ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್ ಕೂಡ ಕಾರವಾರದ ಹಾಗೆ ನೀರಂಚಿನ ಊರು. ಅಲ್ಲಿ 2007ರಲ್ಲಿ ಹಿಮ ಬಿತ್ತಂತೆ. ಶಿರಸಿಯಲ್ಲಿ ಬೇಸಿಗೆಯಲ್ಲೇ ಆಲಿಕಲ್ಲು ಬೀಳುವಾಗ, ಡಿಸೆಂಬರ್ ಚಳಿಯಲ್ಲಿ ಒಂದು ದಿನವಾದರೂ ಹಿಮ ಬೀಳಬಾರದೇಕೆ?

ಉತ್ತರ: ನೆಲದ ಚಳಿಯಿಂದ ಹಿಮದ ಲೆಕ್ಕ ಹಾಕಿದರೆ ತಪ್ಪುತ್ತದೆ. ತಲೆಯ ಮೇಲೆ ಎಷ್ಟು ಎತ್ತರದಲ್ಲಿ ಉಷ್ಣತೆ ಸೊನ್ನೆಗಿಳಿಯುತ್ತದೆ ಎಂಬುದನ್ನು ನೋಡಬೇಕು. ನಮ್ಮಲ್ಲಿ ಆ ಗೆರೆ ಇರುವುದು ಸಮುದ್ರಮಟ್ಟದಿಂದ ಸುಮಾರು 5 ಕಿ.ಮೀ. ಮೇಲೆ. ಅದರಾಚೆಗಿನ ಮೋಡದಲ್ಲಿ ಹಿಮದ ಹರಳು ಇಲ್ಲೂ ಹುಟ್ಟುತ್ತವೆ. ಆದರೆ ಅವು ಇಳಿಯುವುದು ಅರಳೆಯಂತೆ, ಸೆಕೆಂಡಿಗೆ ಒಂದು ಮೀಟರಿನಷ್ಟು. ಗೆರೆ ದಾಟಿ ಕೆಲವು ನೂರು ಮೀಟರಿನೊಳಗೆ ಕರಗಿ ಹನಿಯಾಗುತ್ತವೆ. ನಮ್ಮನ್ನು ತೋಯಿಸುವ ಗುಡುಗು ಮಳೆಯಲ್ಲಿ ಎಷ್ಟೋ ಹನಿ ಹಿಮವಾಗಿಯೇ ಹುಟ್ಟಿದ್ದು!

ಆಲಿಕಲ್ಲಿನ ಬಾಬತ್ತು ಬೇರೆ. ಏಪ್ರಿಲ್-ಮೇನಲ್ಲಿ ಕಾದ ನೆಲದಿಂದ ನುಗ್ಗುವ ಗಾಳಿ ಹನಿಗಳನ್ನು ಸೊನ್ನೆಯ ಗೆರೆಯಾಚೆ ಎತ್ತಿ ಹಿಡಿಯುತ್ತದೆ. ಸೊನ್ನೆಗಿಂತ ತಣ್ಣಗಿದ್ದೂ ಹೆಪ್ಪುಗಟ್ಟದ ನೀರು ಅಲ್ಲಿ ಕಲ್ಲಿಗೆ ಅಂಟುತ್ತ ಹೋಗುತ್ತದೆ. 2 ಸೆಂ.ಮೀ. ದಪ್ಪದ ಕಲ್ಲು ಸೆಕೆಂಡಿಗೆ ಸುಮಾರು 20 ಮೀಟರ್ ಇಳಿಯುತ್ತದೆ. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ; ನಡುವಿನ ದಾರಿಗೆ ನಾಲ್ಕೇ ನಿಮಿಷ. ಪೂರ್ತಿ ಕರಗಲು ಪುರಸೊತ್ತೆಲ್ಲಿ? ಬೆಳ್ಳಗಾದ ಅಂಗಳದ ವೀಡಿಯೊಗೆ ‘ಹಿಮಪಾತ’ ಎಂದು ಹೆಸರಿಟ್ಟು ಹರಿಬಿಡುವವರು ದೊಡ್ಡದೊಂದು ಕಲ್ಲನ್ನು ಒಡೆದು ನೋಡಲಿ. ಸಾಮಾನ್ಯವಾಗಿ ಈರುಳ್ಳಿಯಂತೆ ಪದರ ಇರುತ್ತವೆ.

ಬ್ಯೂನಸ್ ಐರಿಸ್‌ನಲ್ಲಿ ಹಿಮ ಬಿದ್ದದ್ದು ಜುಲೈ 9ರಂದು, ಅಲ್ಲಿಯ ಚಳಿಗಾಲದಲ್ಲಿ. ಅಂಟಾರ್ಕ್ಟಿಕ್ ಕಡೆಯ ಗಾಳಿ ಪ್ಯಾಟಗೋನಿಯಾ ಬಯಲಿನ ಮೇಲೆ ಉತ್ತರಕ್ಕೆ ಸಾಗಿ ಬಂತು. ಆಂಡಿಸ್ ಪರ್ವತ ಉತ್ತರ-ದಕ್ಷಿಣವಾಗಿ ಮಲಗಿದೆ, ಅಡ್ಡಗಟ್ಟುವುದಿಲ್ಲ. ಬರೀ ಚಳಿಯಿಂದ ಹಿಮ ಬೀಳುವುದಿಲ್ಲ. ಒಣ ಚಳಿಯಲ್ಲಿ ಆಕಾಶ ತಿಳಿಯಾಗಿಯೇ ಇರುತ್ತದೆ. ಅದೇ ಹೊತ್ತಿಗೆ ತೇವವೂ ಬಂದು ಕೂಡಬೇಕು. ಅಷ್ಟರ ಮಟ್ಟಿಗೆ ಕೂಡಿದ್ದು 1918ರ ಬಳಿಕ ಅದೇ ಮೊದಲು. ಹಾಗೆ ಕೂಡಿದಾಗ ನೆಲದ ಹತ್ತಿರ 1-2 ಡಿಗ್ರಿ ಇದ್ದರೂ ಹಿಮ ಉಳಿಯುತ್ತದೆ, ಏಕೆಂದರೆ ಮೋಡದ ಕೆಳಗಿನ ಒಣ ಗಾಳಿಯಲ್ಲಿ ಹರಳು ತುಸು ಆವಿಯಾಗಿ ಸುತ್ತಲನ್ನು ತಂಪಾಗಿಸುತ್ತದೆ.

ನಮಗೆ ಉತ್ತರದಲ್ಲಿ ಹಿಮಾಲಯ ಅಡ್ಡಗೋಡೆ, ಪಶ್ಚಿಮದಲ್ಲಿ ಚಳಿಗಾಲದಲ್ಲೂ ಬೆಚ್ಚಗಿರುವ ಅರಬ್ಬಿ ಸಮುದ್ರ. ಕಿಲೋಮೀಟರಿಗೆ 6.5 ಡಿಗ್ರಿಯಂತೆ ಲೆಕ್ಕ ಹಾಕಿದರೆ, ಸೊನ್ನೆಯ ಗೆರೆ ಶಿರಸಿಗೆ ಇಳಿಯಲು ಮೇಲಿನ ಗಾಳಿಯೆಲ್ಲ 28 ಡಿಗ್ರಿಯಷ್ಟು ತಣ್ಣಗಾಗಬೇಕು. ಕಾಯಬೇಡಿ.

‘ಮಂಜು’ ಎಂಬ ಒಂದೇ ಮಾತಿನಲ್ಲಿ ನಾವು ಹಿಮ, ಇಬ್ಬನಿ, ಕಾವಳ ಎಲ್ಲವನ್ನೂ ತುಂಬಿಬಿಟ್ಟಿದ್ದೇವೆ, ಗೊಂದಲ ಸಹಜ. 2,240 ಮೀಟರ್ ಎತ್ತರದ ಊಟಿಯಲ್ಲಿ ಜನವರಿ ಬೆಳಗಿಗೆ ಹುಲ್ಲು ಬೆಳ್ಳಗಾಗುವುದೂ ಹಿಮಪಾತದಿಂದಲ್ಲ. ರಾತ್ರಿ ನೆಲ ಶಾಖ ಕಳೆದುಕೊಂಡಾಗ ಗಾಳಿಯ ಆವಿ ಹುಲ್ಲಿನ ಮೇಲೇ ಹೆಪ್ಪುಗಟ್ಟಿರುತ್ತದೆ.